ಟೆನಿಸ್ ಬಾಲ್‌ಗೆ ಸಿಕ್ಸ್, ಲೆದರ್ ಬಾಲ್‌ಗೆ ಬೌಲ್ಡ್: ಯಾಕೆ ಹೀಗೆ?

"ಕಾಕಾ, ಟೆನಿಸ್ ಬಾಲ್‌ನಾಗ ಆರಾಮ್ ಸಿಕ್ಸ್ ಹೊಡಿತೀನ್ರಿ. ಲೆದರ್ ಬಾಲ್ ಬಂದ್ರ ಬೌಲ್ಡ್ ಆಗ್ತೀನಿ. ಏನ್ ತಪ್ಪಾಗ್ಲಾಕತ್ತದ?"

ಕಲಬುರಗಿಯಲ್ಲಿ ಬೆಳಗಿನ ಹೊತ್ತು ಹುಡುಗರಿಗೆ ಬ್ಯಾಟಿಂಗ್ ಹೇಳಿಕೊಡುವ ನನಗೆ ಈ ಪ್ರಶ್ನೆ ಬಂದಷ್ಟು ಬೇರೆ ಯಾವುದೂ ಬಂದಿಲ್ಲ. ಕೇಳುವವರು ಹುಡುಗರಷ್ಟೇ ಅಲ್ಲ. ಬ್ಯಾಂಕಿನವರು ಕೇಳುತ್ತಾರೆ, ಶಾಲೆ ಮಾಸ್ತರರು ಕೇಳುತ್ತಾರೆ, ಭಾನುವಾರ ಮಾತ್ರ ಪ್ಯಾಡ್ ಕಟ್ಟುವ ನಲವತ್ತು ದಾಟಿದವರೂ ಕೇಳುತ್ತಾರೆ. ಎಲ್ಲರಿಗೂ ನಾನು ಹೇಳುವುದು ಇಷ್ಟೇ: ನೀವು ಔಟಾದ ಶಾಟ್ ಇದೆಯಲ್ಲ, ಅದನ್ನು ಸರಿ ಮಾಡಲು ಹೋಗಬೇಡಿ. ಅದಕ್ಕಿಂತ ಮುಂಚೆ ನಿಮ್ಮ ತಲೆ, ಕಾಲು ಎಲ್ಲಿದ್ದವು ಅಂತ ನೋಡಿ. ಗಡಬಡ ಆಗಿರುವುದು ಅಲ್ಲಿ.

ಮೊದಲು ಟೆನಿಸ್ ಬಾಲ್ ವಿಷಯ. ಅದನ್ನು ಬೈಯುವ ಕೋಚ್‌ಗಳು ಬಹಳ ಇದ್ದಾರೆ. ನಾನು ಬೈಯುವುದಿಲ್ಲ. ನಮ್ಮ ಕಡೆ ಎಲ್ಲರೂ ಕಲಿತದ್ದು ಅದರಲ್ಲೇ. ಕರಿ ಮಣ್ಣು ಒಣಗಿ ಕಲ್ಲಿನಂತಾದ ಬಯಲಲ್ಲಿ ಟೆನಿಸ್ ಬಾಲ್ ಬಿದ್ದರೆ ಸೊಂಟದ ತನಕ ಏಳುತ್ತದೆ. ತೂಕ 60 ಗ್ರಾಂ ಕೂಡ ಇಲ್ಲ. ಬಿದ್ದ ಮೇಲೆ ವೇಗ ಇಳಿಯುತ್ತದೆ. ಆಟ ಆರೋ ಎಂಟೋ ಓವರ್, ರನ್ ಬಾರದ ಡಾಟ್ ಬಾಲ್ ಆಡಿದರೆ ನಮ್ಮವರೇ ಬೈಯುತ್ತಾರೆ. ಇಂಥ ಕಡೆ ಎಡಗಾಲು ಲೆಗ್ ಕಡೆ, ಅಂದರೆ ನಿಂತವನ ಬೆನ್ನಿನ ಕಡೆ, ತೆಗೆದು, ಕೆಳಗಿನ ಕೈಯ ಬಲದಲ್ಲಿ ಮಿಡ್‌ವಿಕೆಟ್ ಮೇಲೆ ಬೀಸುವುದೇ ಸರಿಯಾದ ಬ್ಯಾಟಿಂಗ್. ಆ ಚೆಂಡಿಗೆ, ಆ ಪಿಚ್‌ಗೆ, ಆ ಓವರ್‌ಗಳಿಗೆ ಅದೇ ಉತ್ತರ. (ಇಲ್ಲಿ ಬರೆಯುವುದೆಲ್ಲ ಬಲಗೈ ಬ್ಯಾಟ್ಸ್‌ಮನ್ ಲೆಕ್ಕದಲ್ಲಿ. ಎಡಗೈಯವರು ತಿರುಗಿಸಿ ಓದಿಕೊಳ್ಳಿ, ಪಾಪ ಅವರಿಗೆ ಇದು ರೂಢಿ.)

ಲೆದರ್ ಬಾಲ್ ತೂಕ 156ರಿಂದ 163 ಗ್ರಾಂ. ಸೀಮ್, ಅಂದರೆ ಉಬ್ಬಿದ ಹೊಲಿಗೆ, ಇದೆ. ಅದೇ ಲೆಂಗ್ತ್‌ಗೆ, ಅಂದರೆ ಬ್ಯಾಟ್ಸ್‌ಮನ್‌ನಿಂದ ಅಷ್ಟೇ ದೂರಕ್ಕೆ, ಬಿದ್ದರೂ ಟೆನಿಸ್ ಬಾಲಿನಷ್ಟು ಏಳುವುದಿಲ್ಲ, ನೇರ ಸ್ಟಂಪ್ ಕಡೆ ಜಾರಿ ಬರುತ್ತದೆ. ಬ್ಯಾಟಿನ ಅಗಲ ಜಾಸ್ತಿ ಅಂದರೆ 10.8 ಸೆಂಟಿಮೀಟರ್. ಬ್ಯಾಟ್ ನೇರ ಬಂದರೆ ಚೆಂಡು ಬರುವ ಗೆರೆಯ ಮೇಲೇ ಸ್ವಲ್ಪ ದೂರ ಸಾಗುತ್ತದೆ. ಟೈಮಿಂಗ್ ಚೂರು ತಪ್ಪಿದರೂ ಎಲ್ಲೋ ಒಂದು ಕಡೆ ಚೆಂಡು ಸಿಗುತ್ತದೆ. ಅಡ್ಡ ಬೀಸಿದರೆ ಬ್ಯಾಟು, ಚೆಂಡು ಸೇರುವುದು ಒಂದೇ ಜಾಗದಲ್ಲಿ. ಅಲ್ಲಿ ತಪ್ಪಿತು ಅಂದರೆ ಮುಗಿಯಿತು. ಟೆನಿಸ್ ಬಾಲ್ ಆ ತಪ್ಪನ್ನು ಮಾಫ್ ಮಾಡುತ್ತಿತ್ತು, ಇದು ಮಾಡುವುದಿಲ್ಲ.

ಇನ್ನು ಸಮಯದ ಲೆಕ್ಕ. ಪಿಚ್ 22 ಗಜ ಇದ್ದರೂ ಕ್ರೀಸ್‌ನಿಂದ ಕ್ರೀಸ್‌ಗೆ ಇರುವುದು 17.7 ಮೀಟರ್. ನಮ್ಮ ಕ್ಲಬ್ ಮಟ್ಟದ ಒಳ್ಳೆ ವೇಗಿ 110 ಕಿಲೋಮೀಟರ್ ವೇಗದಲ್ಲಿ ಹಾಕಿದ ಅಂತಿಟ್ಟುಕೊಳ್ಳಿ. ಚೆಂಡು ಕೈಬಿಟ್ಟ ಮೇಲೆ ನಿಮಗೆ ಸಿಗುವುದು ಅರ್ಧ ಸೆಕೆಂಡಿಗಿಂತ ಚೂರು ಜಾಸ್ತಿ. ಅಷ್ಟರಲ್ಲಿ ಲೆಂಗ್ತ್ ನೋಡಬೇಕು, ಮುಂದೆಯೋ ಹಿಂದೆಯೋ ಅಂತ ತೀರ್ಮಾನಿಸಬೇಕು, ಕಾಲು ಇಡಬೇಕು, ಬ್ಯಾಟ್ ಇಳಿಸಬೇಕು. ಬೌಲರ್ ಕೈಬಿಡುವ ಹೊತ್ತಿಗೆ ನೀವು ಇನ್ನೂ ಅಲ್ಲಾಡುತ್ತಿದ್ದರೆ ಅದರಲ್ಲಿ ಅರ್ಧ ಅಲ್ಲೇ ಹೋಯಿತು.

ಅದಕ್ಕೇ ನಾನು ಹೊಸಬರಿಗೆ ಮೊದಲು ಆಡಿ ತೋರಿಸಿ ಅನ್ನುವುದಿಲ್ಲ. "ಬ್ಯಾಟ್ ಕೊಡಪಾ ಇಲ್ಲಿ" ಅನ್ನುತ್ತೇನೆ. ಲೆದರ್ ಬಾಲ್ ಆಡಿದ ಬ್ಯಾಟ್ ಸುಳ್ಳು ಹೇಳುವುದಿಲ್ಲ. ಕೆಂಪು ಗುರುತುಗಳು ಎಲ್ಲಿವೆ ನೋಡಿದರೆ ಸಾಕು. ಸ್ಟಿಕ್ಕರ್ ಹತ್ತಿರ, ಮೇಲ್ಗಡೆ ಗುರುತು ಜಾಸ್ತಿ ಇದ್ದರೆ ಈತ ಶಾರ್ಟ್ ಬಿದ್ದ ಚೆಂಡಿಗೂ ಮುಂದೆ ಬರುತ್ತಾನೆ, ಹಿಂದೆ ಹೋಗುವ ಅಭ್ಯಾಸವೇ ಇಲ್ಲ. ಕೆಳಗೆ, ಬ್ಯಾಟಿನ ತುದಿಯಲ್ಲಿದ್ದರೆ ಚೆಂಡು ಬರುವ ತನಕ ತಾಳ್ಮೆ ಇಲ್ಲ, ಕೈ ಚಾಚಿ ಆಡುತ್ತಾನೆ. ಒಳ ಅಂಚಿನಲ್ಲಿ ಇದ್ದರೆ ಬ್ಯಾಟಿಗೂ ಪ್ಯಾಡಿಗೂ ನಡುವೆ ಬಾಗಿಲು ತೆರೆದಿದೆ. ಒಬ್ಬ ಹುಡುಗನ ಬ್ಯಾಟ್ ನೋಡಿದ್ದೆ. ನಟ್ಟ ನಡುವೆ ಅಂಗೈಯಷ್ಟು ಜಾಗ ಹೊಸದರಂತೆ ಬೆಳ್ಳಗಿತ್ತು, ಸುತ್ತ ಎರಡೂ ಅಂಚು ಕೆಂಪೋ ಕೆಂಪು. ಕೇಳಿದರೆ "ಬ್ಯಾಟ್ ಸರಿ ಇಲ್ರಿ ಕಾಕಾ, ಸ್ಟ್ರೋಕೇ ಇಲ್ಲ" ಅಂದ. ಚೆಂಡು ಚಿಮ್ಮುವುದಿಲ್ಲ ಅಂತ. ಸ್ಟ್ರೋಕ್ ಇರುವ ಜಾಗಕ್ಕೆ ಚೆಂಡನ್ನು ಅವನು ಹೋಗಲು ಬಿಟ್ಟೇ ಇರಲಿಲ್ಲ.

ಗ್ಲೌಸ್ ಕೂಡ ನೋಡುತ್ತೇನೆ. ಕೆಳಗಿನ ಕೈ ಗ್ಲೌಸಿನ ಅಂಗೈ ತೂತು ಬಿದ್ದು, ಮೇಲಿನ ಕೈಯದು ಹೊಸದರಂತೆ ಇದ್ದರೆ ಯಾರು ಗಾಡಿ ಓಡಿಸುತ್ತಿದ್ದಾರೆ ಅಂತ ಗೊತ್ತಾಗುತ್ತದೆ.

ಆಮೇಲೆ ಮೊಬೈಲ್. ಎಲ್ಲರ ಹತ್ತಿರವೂ ಇದೆ, ಸ್ಲೋ ಮೋಷನ್ ಇದೆ, ಆದರೆ ಎಲ್ಲರೂ ವಿಡಿಯೋ ಮಾಡುವುದು ಪಕ್ಕದಿಂದ. ಸ್ಟೇಟಸ್‌ಗೆ ಅದು ಚೆನ್ನಾಗಿ ಕಾಣುತ್ತೆ ಅಲ್ವಾ. ನನಗೆ ಬೇಕಾದ್ದು ಬೌಲರ್ ಕಡೆಯಿಂದ, ನೆಟ್ ಹಿಂದಿನಿಂದ ಹಿಡಿದ ವಿಡಿಯೋ. ಅದರಲ್ಲಿ ಎರಡೇ ಕಡೆ ನಿಲ್ಲಿಸಿ ನೋಡಿ. ಒಂದು, ಚೆಂಡು ಬೌಲರ್ ಕೈಬಿಟ್ಟ ಕ್ಷಣ. ಇನ್ನೊಂದು, ಮುಂಗಾಲು ನೆಲಕ್ಕೆ ಬಿದ್ದ ಕ್ಷಣ. ಚೆಂಡು ಬ್ಯಾಟಿಗೆ ತಗಲುವ ಕ್ಷಣವನ್ನು ಎಲ್ಲರೂ ನೋಡುತ್ತಾರೆ, ಅಷ್ಟು ಹೊತ್ತಿಗೆ ಆಗಬೇಕಾದ್ದೆಲ್ಲ ಆಗಿಹೋಗಿರುತ್ತದೆ.

ಮೊದಲನೇ ಫ್ರೇಮಿನಲ್ಲಿ ಎರಡೂ ಕಣ್ಣು ಒಂದೇ ಮಟ್ಟದಲ್ಲಿ ಇರಬೇಕು, ತಲೆ ನಿಂತಿರಬೇಕು. ಅಷ್ಟೇ. ಸ್ಟ್ಯಾನ್ಸ್ ಹೇಗಾದರೂ ಇರಲಿ. ವೆಸ್ಟ್ ಇಂಡೀಸ್‌ನ ಶಿವನಾರಾಯಣ್ ಚಂದರ್‌ಪಾಲ್ ಬೌಲರ್‌ಗೆ ಎದೆ ಕೊಟ್ಟು ನಿಲ್ಲುತ್ತಿದ್ದರು. ಆಸ್ಟ್ರೇಲಿಯಾದ ಸ್ಟೀವ್ ಸ್ಮಿತ್ ಆಫ್ ಸ್ಟಂಪ್ ಕಡೆ, ಅಂದರೆ ಲೆಗ್‌ನ ಎದುರು ಕಡೆ, ಸರಿಯುತ್ತಾರೆ, ಬ್ಯಾಟ್ ಗಲ್ಲಿ ಫೀಲ್ಡರ್ ಕಡೆಯಿಂದ ಇಳಿಯುತ್ತದೆ. ವೀರೇಂದ್ರ ಸೆಹ್ವಾಗ್ ಕಾಲು ಕದಲಿಸುತ್ತಿದ್ದದ್ದೇ ಕಡಿಮೆ. ಹುಡುಗರು ಇದೇ ಹೆಸರುಗಳನ್ನು ನನ್ನ ಮುಂದೆ ಇಟ್ಟು ವಾದ ಮಾಡುತ್ತಾರೆ: "ಅವ್ರು ಮಾಡಿದ್ರ ನಡೀತದ, ನಾವ್ ಮಾಡಿದ್ರ ಬೈತೀರಿ." ಇವರೆಲ್ಲರ ವಿಡಿಯೋವನ್ನು ಚೆಂಡು ಬರುವ ಹೊತ್ತಿಗೆ ನಿಲ್ಲಿಸಿ ನೋಡು ತಮ್ಮಾ ಅನ್ನುತ್ತೇನೆ. ತಲೆ ಅಲ್ಲಾಡದೆ ನಿಂತಿರುತ್ತದೆ. ಅವರ ಸರಿಯುವಿಕೆಯನ್ನು ಎತ್ತಿಕೊಂಡಿದ್ದೀಯಾ, ನಿಲ್ಲುವಿಕೆಯನ್ನು ಅಲ್ಲೇ ಬಿಟ್ಟು ಬಂದಿದ್ದೀಯಾ.

ಎರಡನೇ ಫ್ರೇಮಿನಲ್ಲಿ ಸಾಮಾನ್ಯವಾಗಿ ಎರಡು ರೋಗ ಸಿಗುತ್ತವೆ. ಟೆನಿಸ್ ಬಾಲ್‌ನಿಂದ ಬಂದವರ ಮುಂಗಾಲು ಲೆಗ್ ಕಡೆ ಹೋಗಿರುತ್ತದೆ, ತಲೆ ಆಫ್ ಕಡೆ ವಾಲಿರುತ್ತದೆ, ದೇಹ ಎರಡು ದಿಕ್ಕಿಗೆ ಹರಿದಿರುತ್ತದೆ. ಬೌಲ್ಡ್ ಆಗುವವರು ಇವರು. ಇನ್ನೊಂದು, "ಕಾಲು ಅಡ್ಡ ಹಾಕು" ಅಂತ ಯಾರೋ ಹೇಳಿದ್ದನ್ನು ಕೇಳಿ ಕೆಟ್ಟವರು. ಮುಂಗಾಲು ಆಫ್ ಸ್ಟಂಪ್ ತನಕ ಅಡ್ಡ ಬಂದಿರುತ್ತದೆ, ಬ್ಯಾಟ್ ಆ ಕಾಲನ್ನು ಸುತ್ತಿ ಬರಬೇಕು. ನೇರ ಚೆಂಡಿಗೆ ಎಲ್‌ಬಿಡಬ್ಲ್ಯೂ. ನನ್ನನ್ನು ಕೇಳಿದರೆ ಎರಡನೆಯದನ್ನು ಬಿಡಿಸುವುದು ಕಷ್ಟ. ಯಾಕಂದರೆ ಅವರು ಅದನ್ನು ಟೆಕ್ನಿಕ್ ಅಂದುಕೊಂಡಿರುತ್ತಾರೆ.

ಎರಡಕ್ಕೂ ನಾನು ಮಾಡಿಸುವುದು ಒಂದೇ. ಮಿಡಲ್ ಸ್ಟಂಪ್‌ನಿಂದ ಬೌಲರ್ ಕಡೆಗೆ ಸುಣ್ಣದ ಗೆರೆ ಎಳೆಯುವುದು. ಹತ್ತು ಹನ್ನೆರಡು ಹೆಜ್ಜೆ ದೂರದಿಂದ, ಭುಜದ ಕೆಳಗಿನಿಂದ, ಬ್ಯಾಟಿನ ಹತ್ತಿರ ಬೀಳುವ ಫುಲ್ ಚೆಂಡು ಎಸೆಯುವುದು. ಆಡಿದ ಮೇಲೆ ಅಲ್ಲೇ ಶಿಲೆಯಾಗಿ ನಿಲ್ಲಬೇಕು. ಒಂದು, ಎರಡು ಅಂತ ಎಣಿಸುವ ತನಕ ಕದಲಬಾರದು. ಚೆಂಡು ಎಲ್ಲಿಗೆ ಹೋಯಿತು ಅಂತ ಯಾರೂ ನೋಡಬಾರದು. ನಿಲ್ಲಲು ಆಗದೆ ಮುಗ್ಗರಿಸಿದರೆ ಆ ಶಾಟ್ ಬೌಂಡರಿಗೆ ಹೋಗಿದ್ದರೂ ಲೆಕ್ಕಕ್ಕಿಲ್ಲ. ನಿಂತವನು ಕೆಳಗೆ ನೋಡಿಕೊಳ್ಳಬೇಕು: ಮುಂಗಾಲಿನ ಹೆಬ್ಬೆರಳು ಗೆರೆಯ ಹತ್ತಿರ ಇದೆಯಾ? ಗದ್ದ ಆ ಮೊಣಕಾಲಿನ ಮೇಲೆ ಬಂದಿದೆಯಾ? ಮೊದಲ ವಾರ ಎಲ್ಲರಿಗೂ ಬೇಜಾರು. ಹೊಡೆಯಲು ಬಂದವರಿಗೆ ನಿಲ್ಲು ಅಂದರೆ ಹೇಗಾಗಬೇಡ!

ಕೈ ವಿಷಯ ಹೇಳುವುದು ಕಡಿಮೆ. ಮೇಲಿನ ಕೈ ಬ್ಯಾಟನ್ನು ನಡೆಸಬೇಕು, ಕೆಳಗಿನ ಕೈ ಬರೀ ಹೆಬ್ಬೆರಳು, ತೋರುಬೆರಳಿನಲ್ಲಿ ಹಿಡಿದಿರಬೇಕು. ಚಿಕ್ಕ ಬ್ಯಾಟ್ ತಗೊಂಡು ಮೇಲಿನ ಒಂದೇ ಕೈಯಲ್ಲಿ ಆಡಿದರೆ ಇದು ತಾನಾಗಿ ಬರುತ್ತದೆ. ಆದರೆ ಅದಕ್ಕೂ ಮುಂಚೆ ಬ್ಯಾಟಿನ ತೂಕ ನೋಡಿ. ಅಣ್ಣನ ಬ್ಯಾಟ್ ತಮ್ಮನಿಗೆ ಬಂದಿರುತ್ತದೆ, ಹದಿಮೂರು ವರ್ಷದ ಹುಡುಗ ಒಂದೂಕಾಲು ಕೆಜಿ ಎತ್ತಿಕೊಂಡು ನಿಂತಿರುತ್ತಾನೆ. ಅವನ ಮೇಲಿನ ಕೈಗೆ ಅದನ್ನು ನೇರ ಇಳಿಸಲು ಶಕ್ತಿ ಇರುವುದಿಲ್ಲ, ಕೆಳಗಿನ ಕೈ ಎಳೆದುಕೊಂಡು ಹೋಗುತ್ತದೆ, ಬ್ಯಾಟ್ ಅಡ್ಡ ಬರುತ್ತದೆ. ಅವನಿಗೆ ಟೆಕ್ನಿಕ್ ಹೇಳಿ ಏನು ಉಪಯೋಗ? ಬ್ಯಾಟ್ ಬದಲಿಸಿ. ಆ ವಯಸ್ಸಿಗೆ ದೊಡ್ಡವರ ಬ್ಯಾಟಿಗಿಂತ ಚಿಕ್ಕದು, ಹ್ಯಾರೋ ಸೈಜ್ ಅಂತ ಸಿಗುತ್ತದೆ.

ಕಾಲು ಸ್ಕ್ವೇರ್ ಲೆಗ್ ಕಡೆ ಓಡುವುದು ಮಾತ್ರ ಟೆಕ್ನಿಕ್ಕೇ ಅಲ್ಲ. ಅದು ಹೆದರಿಕೆ. ಇದನ್ನು ಯಾರೂ ಒಪ್ಪುವುದಿಲ್ಲ. "ಹೆದರಿಕಿ ಏನಿಲ್ರಿ" ಅನ್ನುತ್ತಾ ಅರ್ಧ ಅಡಿ ಆಚೆ ಸರಿದಿರುತ್ತಾರೆ. ಲೆದರ್ ಬಾಲ್ ತಗಲಿದರೆ ನೋವಾಗುತ್ತದೆ, ಹೆದರುವುದು ಸಹಜ. ಗ್ರಿಲ್ ಇರುವ ಹೆಲ್ಮೆಟ್, ಗಾರ್ಡ್, ತೊಡೆ ಪ್ಯಾಡ್ ಹಾಕದೆ ಧೈರ್ಯ ಮಾಡು ಅನ್ನುವುದು ಕೋಚಿಂಗ್ ಅಲ್ಲ. ಇವನ್ನು ಹಾಕಿದ ಮೇಲೂ ಸರಿಯುವವರಿಗೆ ನಾನು ಲೆದರ್ ಬಾಲ್ ನಿಲ್ಲಿಸಿಬಿಡುತ್ತೇನೆ. ಟೆನಿಸ್ ಬಾಲ್ ತಗೊಂಡು ಹತ್ತಿರದಿಂದ ಎದೆಗೆ, ಭುಜಕ್ಕೆ ಎಸೆಯುತ್ತೇನೆ. ಆಡಬಾರದು, ಬ್ಯಾಟ್ ಇಳಿಸಿ ಬಗ್ಗಬೇಕು ಇಲ್ಲವೇ ವಾಲಬೇಕು, ಚೆಂಡು ಮೂಗಿನ ಮುಂದೆ ಹಾದುಹೋಗುವ ತನಕ ಕಣ್ಣು ಅದರ ಮೇಲೇ ಇರಬೇಕು. ತಗಲಿದರೆ ನಗು ಬರುತ್ತದೆ ಅಷ್ಟೇ. ಮುಖ ತಿರುಗಿಸುವುದು ನಿಂತ ಮೇಲೆ ಕಾಲು ತಾನಾಗಿ ನಿಲ್ಲುತ್ತದೆ.

ಮನೆಯಲ್ಲಿ ಏನು ಮಾಡಬಹುದು ಅಂತಲೂ ಕೇಳುತ್ತಾರೆ. ಸಾಕ್ಸಿನಲ್ಲಿ ಚೆಂಡು ಹಾಕಿ ಹಗ್ಗಕ್ಕೆ ತೂಗು ಹಾಕುವುದು ಎಲ್ಲರಿಗೂ ಗೊತ್ತು. ಬ್ಯಾಟ್ ನೇರ ಬೀಸುವುದಕ್ಕೆ ಒಳ್ಳೆಯದು. ಆದರೆ ತೂಗುವ ಚೆಂಡಿಗೆ ಲೆಂಗ್ತ್ ಇಲ್ಲ. ಅದರಲ್ಲೇ ಇರುವವರು ಮ್ಯಾಚಲ್ಲಿ ಎಲ್ಲ ಚೆಂಡಿಗೂ ಒಂದೇ ಹೆಜ್ಜೆ ಇಡುತ್ತಾರೆ. ಅದಕ್ಕಿಂತ ಗೋಡೆ ಉತ್ತಮ. ಡಾನ್ ಬ್ರಾಡ್ಮನ್ ಹುಡುಗನಾಗಿದ್ದಾಗ ಆಸ್ಟ್ರೇಲಿಯಾದ ಬೌರಲ್ ಊರಿನ ಮನೆಯಲ್ಲಿ ನೀರಿನ ಟ್ಯಾಂಕಿನ ಇಟ್ಟಿಗೆ ಕಟ್ಟೆಗೆ ಗಾಲ್ಫ್ ಚೆಂಡು ಎಸೆದು, ವಾಪಸ್ ಬಂದದ್ದನ್ನು ಸ್ಟಂಪ್‌ನಿಂದ ಹೊಡೆಯುತ್ತಿದ್ದರು. ನಮ್ಮಲ್ಲಿ ಅದಕ್ಕಿಂತ ಒಳ್ಳೆ ಸೌಕರ್ಯ ಇದೆ, ಶಹಾಬಾದ್ ಕಲ್ಲು. ಅಂಗಳದಲ್ಲೋ ಮಾಳಿಗೆ ಮೇಲೋ ಕಲ್ಲು ಹಾಸಿದ್ದರೆ ಟೆನಿಸ್ ಬಾಲನ್ನು ನೀರಲ್ಲಿ ಅದ್ದಿ, ತಮ್ಮನ ಕೈಲೋ ಗೆಳೆಯನ ಕೈಲೋ ಎಸೆಸಿ. ನುಣುಪು ಕಲ್ಲಿನ ಮೇಲೆ ಒದ್ದೆ ಚೆಂಡು ಏಳುವುದಿಲ್ಲ, ಸರ್ರನೆ ಜಾರಿ ಬರುತ್ತದೆ. ಲೆದರ್ ಬಾಲ್‌ಗೆ ಯಾಕೆ ಬೌಲ್ಡ್ ಆಗುತ್ತಿದ್ದೀರಿ ಅಂತ ಅಲ್ಲೇ ತಿಳಿಯುತ್ತದೆ, ಅದೂ ಪೆಟ್ಟು ತಿನ್ನದೆ. ಕಲ್ಲು ಒದ್ದೆಯಾದರೆ ಚೆಂಡಿನಂತೆ ನೀವೂ ಜಾರುತ್ತೀರಿ, ನಿಲ್ಲುವ ಜಾಗ ಒರೆಸಿಕೊಳ್ಳಿ.

ಇದನ್ನೆಲ್ಲ ಯಾವಾಗ ಮಾಡಬೇಕು? ಮಳೆಗಾಲದಲ್ಲಿ. ಜೂನ್‌ನಿಂದ ನಮ್ಮ ಕರಿ ಮಣ್ಣಿನ ಮೈದಾನಗಳಲ್ಲಿ ಕಾಲಿಟ್ಟರೆ ಬೂಟಿನ ಜೊತೆ ಒಂದು ಕೆಜಿ ಮಣ್ಣೂ ಎದ್ದು ಬರುತ್ತದೆ, ಮ್ಯಾಚ್ ಇರುವುದಿಲ್ಲ. ಬೇಸಿಗೆಯಲ್ಲಿ ಎಂಟೂವರೆ ಆದರೆ ಬಿಸಿಲು ನಿಲ್ಲಗೊಡುವುದಿಲ್ಲ, ದಣಿದ ಮೈ ಹಳೆ ಅಭ್ಯಾಸಕ್ಕೇ ವಾಪಸ್ ಹೋಗುತ್ತದೆ. ಒಂದು ಸಲಕ್ಕೆ ಒಂದೇ ರಿಪೇರಿ. ತಲೆ ನಿಂತ ಮೇಲೆ ಕಾಲು, ಕಾಲು ಬಂದ ಮೇಲೆ ಕೈ. ಈ ಕ್ರಮದಲ್ಲಿ ಹೋದರೆ ಕೈ ತನಕ ಬರುವ ಅಗತ್ಯವೇ ಬಹಳ ಜನಕ್ಕೆ ಬೀಳುವುದಿಲ್ಲ. ಮಾಡುವಾಗ ಸ್ವಲ್ಪ ದಿನ ಇದ್ದ ಆಟವೂ ಹೋದಂತೆ ಅನಿಸುತ್ತದೆ. ಅದು ಗ್ಯಾರಂಟಿ, ಗಾಬರಿ ಬೇಡ.

"ಅದೆಲ್ಲ ಸರಿ ಸರ್, ಈ ಭಾನುವಾರ ಮ್ಯಾಚ್ ಅದ. ಏನ್ ಮಾಡ್ಲಿ?" ಅನ್ನುವವರು ಇದ್ದೇ ಇರುತ್ತಾರೆ. ಭಾನುವಾರಕ್ಕೆ ಏನೂ ಬದಲಿಸಬೇಡಿ. ಔಟ್ ಮಾಡುತ್ತಿರುವ ಶಾಟ್ ಯಾವುದೋ ಅದನ್ನು ಮನೆಯಲ್ಲಿ ಬಿಟ್ಟು ಹೋಗಿ. 2004ರ ಜನವರಿಯಲ್ಲಿ ಸಿಡ್ನಿ ಟೆಸ್ಟ್‌ಗೆ ಹೋಗುವಾಗ ಸಚಿನ್ ತೆಂಡೂಲ್ಕರ್ ಆಫ್ ಸ್ಟಂಪ್ ಆಚೆಯ ಚೆಂಡಿಗೆ ಬ್ಯಾಟ್ ಹಾಕಿ ಔಟಾಗುತ್ತಿದ್ದರು. ಅವರು ಆ ಪಂದ್ಯದಲ್ಲಿ ಕವರ್ ಡ್ರೈವನ್ನೇ ಬದಿಗಿಟ್ಟರು. ಔಟಾಗದೆ 241 ಹೊಡೆದರು. ಅಂಥವರೇ ಸರಣಿ ನಡುವೆ ಡ್ರೈವ್ ರಿಪೇರಿಗೆ ಕೂರಲಿಲ್ಲ. ನೀವು ಶನಿವಾರ ಸಂಜೆ ಯೂಟ್ಯೂಬ್ ನೋಡಿ ಗ್ರಿಪ್ ಬದಲಿಸಿ ಭಾನುವಾರ ಓಪನಿಂಗ್ ಹೋಗುತ್ತೀರಿ!

ನಲವತ್ತು ದಾಟಿದವರಿಗೆ ಒಂದು ಮಾತು ಬೇರೆ. ನಿಮ್ಮ ಮಿಡ್‌ವಿಕೆಟ್ ಬೀಸು ಇಪ್ಪತ್ತೈದು ವರ್ಷದ್ದು, ಅದನ್ನು ತೆಗೆಯಲು ನನ್ನಿಂದಂತೂ ಆಗದು. ಮೊದಲ ಎರಡು ಓವರ್ ಅದನ್ನು ಆಡಬೇಡಿ, ನೇರ ಬ್ಯಾಟಲ್ಲಿ ಬರೀ ತಡೆಯಿರಿ. ಆಮೇಲೆ ಸ್ಪಿನ್ನರ್ ಬರುತ್ತಾನೆ, ಅವನಿಗೆ ಎಷ್ಟು ಬೇಕೋ ಅಷ್ಟು ಬೀಸಿ. ಮತ್ತೆ ಆ ಹಳೇ ಹೆಲ್ಮೆಟ್ಟಿನ ಬೆಲ್ಟ್ ಕಿತ್ತುಹೋಗಿದೆ ಅಂತ ಎಷ್ಟು ಸಲ ಹೇಳಿಸಿಕೊಳ್ಳುತ್ತೀರಿ, ಹೊಸದು ತಗೊಳ್ಳಿ ಮಾರಾಯರೇ.