“ಕಲಬುರಗಿಯಲ್ಲಿ ಹಸಿರೇ ಇಲ್ಲ, ನೀವು ಸಂಶೋಧನೆ ಮಾಡೋದೇನು?”

ನಾನು ಕಲಬುರಗಿಯಲ್ಲಿ ಪಾಠ ಮಾಡುತ್ತೇನೆ. ಸಂಶೋಧನೆಯ ವಿಷಯ ನಗರದ ಹಸಿರು. ಅಂದರೆ ರಸ್ತೆ ಬದಿಯ ಮರ, ಪಾರ್ಕು, ಕೆರೆ, ನಾಲೆ, ಮಳೆನೀರು ಇಂಗುವ ಬಯಲು. ರಸ್ತೆ, ಚರಂಡಿ, ಕರೆಂಟು ಇಲ್ಲದೆ ಊರು ನಡೆಯುವುದಿಲ್ಲ. ಇವೂ ಹಾಗೇ ಊರು ನಡೆಸುವ ವ್ಯವಸ್ಥೆ ಎಂದು ಲೆಕ್ಕ ಹಾಕುವುದು ನಮ್ಮ ಕೆಲಸ.

ಇಷ್ಟು ಹೇಳಿ ಮುಗಿಸುವುದರೊಳಗೆ ಪ್ರಶ್ನೆ ಬರುತ್ತದೆ. “ಏನ್ರೀ ಮೇಡಂ, ನಮ್ಮ ಊರಾಗ ಹಸಿರೇ ಇಲ್ಲ. ನೀವೇನು ರಿಸರ್ಚ್ ಮಾಡ್ತೀರಿ?” ಬ್ಯಾಂಕಿನಲ್ಲಿ ಕೇಳುತ್ತಾರೆ, ಆಟೋದಲ್ಲಿ ಕೇಳುತ್ತಾರೆ, ಉತ್ತರ ಪತ್ರಿಕೆ ತಿದ್ದುವ ಕೊಠಡಿಯಲ್ಲಿ ಸಹೋದ್ಯೋಗಿಗಳೇ ಕೇಳುತ್ತಾರೆ. ಬೆಂಗಳೂರಿನ ಕಡೆಯವರಾದರೆ “ಅಲ್ಲಿ ಬರೀ ಬಿಸಿಲಲ್ವಾ?” ಅಂತ ಇನ್ನೊಂದು ಸೇರಿಸುತ್ತಾರೆ. ಹೌದು, ಬಿಸಿಲು. ಮೇ ತಿಂಗಳಲ್ಲಿ 42, 43 ಡಿಗ್ರಿ ಮುಟ್ಟುವ ಊರು. ನೆರಳಿನ ಲೆಕ್ಕ ಇಲ್ಲಿ ಇಡದೆ ಮತ್ತೆಲ್ಲಿ ಇಡಬೇಕು?

ಈ ಪ್ರಶ್ನೆ ಕೇಳಿದರೆ ನನಗೆ ಸಿಟ್ಟು ಬರುವುದಕ್ಕೆ ಒಂದು ಮದುವೆ ಊಟ ಕಾರಣ. ಪಕ್ಕದಲ್ಲಿ ದೂರದ ಸಂಬಂಧದ ಕಾಕಾ ಕೂತಿದ್ದರು. ಜೋಳದ ರೊಟ್ಟಿ ಮುರಿಯುತ್ತಾ ಅದೇ ಮಾತು ತೆಗೆದರು: “ಏನವಾ, ಊರಾಗ ಒಂದು ಗಿಡ ಉಳಿದಿಲ್ಲ. ನೀ ಎದರ ಮ್ಯಾಲ ಬರೀತಿ?” ನಾನು ಹೇಳಲು ಶುರು ಮಾಡಿದೆ. ಅನ್ನ ಬರುವ ಹೊತ್ತಿಗೆ ಅವರ ದನಿ ತಗ್ಗಿತು. “ನಮ್ಮ ಮನಿ ಮುಂದ ಒಂದು ಬೇವಿನ ಗಿಡ ಅದ. ಎಲಿ ಬಿದ್ದು ಬಿದ್ದು ಸಾಕಾಗ್ಯದ. ಕಾರ್ ನಿಲ್ಲಸಾಕೂ ಜಾಗಿಲ್ಲ. ಕಡಿಸಬೇಕಂದ್ರ ಯಾರನ್ನ ಹಿಡೀಬೇಕು?”

ಅವತ್ತು ನಾನು ಹೋಳಿಗೆಗೂ ಕಾಯದೆ ಎದ್ದೆ. ಆದರೆ ಅವರೊಬ್ಬರದ್ದೇ ಮಾತಲ್ಲ ಇದು. ಊರಲ್ಲಿ ಹಸಿರಿಲ್ಲ ಎಂದು ಕೊರಗುವವರು, ಮನೆ ಮುಂದಿನ ಮರ ತೆಗೆಸಲು ದಾರಿ ಕೇಳುವವರು ಬಹಳ ಸಲ ಒಬ್ಬರೇ ಆಗಿರುತ್ತಾರೆ. ಕಾಕಾ, ಇಲ್ಲೇ ಉತ್ತರ ಹೇಳುತ್ತೇನೆ. ರಸ್ತೆ ಬದಿಯ ಮರ ನಿಮ್ಮದಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದನ್ನು ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು. ಬೇವು ಎಲೆ ಉದುರಿಸುವುದು ಬೇಸಿಗೆ ಶುರುವಾಗುವ ಮುಂಚೆ, ಕೆಲವೇ ವಾರ. ಯುಗಾದಿಗೆ ಬೇವು-ಬೆಲ್ಲ ಕೊಡುವ ಹೊತ್ತಿಗೆ ಹೊಸ ಎಲೆ, ಹೂವು ಎರಡೂ ಬಂದಿರುತ್ತವೆ. ಏಪ್ರಿಲ್, ಮೇ ಪೂರ್ತಿ ನಿಮ್ಮ ಗೋಡೆಯ ಮೇಲೆ ಬೀಳಬೇಕಾದ ಬಿಸಿಲನ್ನು ಅದು ತಡೆಯುತ್ತದೆ. ಅದೇ ರಸ್ತೆಯ ಗುಲ್‌ಮೊಹರ್ ನೋಡಿ. ಮಡಗಾಸ್ಕರ್‌ನಿಂದ ಬಂದ ಮರ, ಮೇ ತಿಂಗಳಲ್ಲಿ ಕೆಂಪು ಹೂವು ಬಿಟ್ಟಾಗ ಕಣ್ಣಿಗೆ ಹಬ್ಬ. ಆದರೆ ಬಿಸಿಲು ಏರುತ್ತಿರುವ ತಿಂಗಳುಗಳಲ್ಲೇ ಅದು ಬೋಳಾಗಿ ನಿಂತಿರುತ್ತದೆ. ಯಾವ ಮರ ಯಾವ ತಿಂಗಳಲ್ಲಿ ನೆರಳು ಕೊಡುತ್ತದೆ ಎನ್ನುವುದನ್ನು ಬೀದಿ ಬೀದಿ ತಿರುಗಿ ಬರೆದುಕೊಳ್ಳುವುದು ನನ್ನ ಕೆಲಸದ ದೊಡ್ಡ ಪಾಲು.

ಹಸಿರು ಇಲ್ಲವೇ ಇಲ್ಲ ಅನ್ನುವುದೂ ತಪ್ಪು. ಉಪಗ್ರಹದ ಚಿತ್ರ ತೆಗೆದು ನೋಡಿದರೆ ಊರಿನ ಸುತ್ತ ಹಸಿರು ಕಾಣುತ್ತದೆ. ಹತ್ತಿರ ಹೋದರೆ ಅದರಲ್ಲಿ ಎಷ್ಟೋ ಕಡೆ ಬಳ್ಳಾರಿ ಜಾಲಿಯ ಮುಳ್ಳು ಪೊದೆ. ಸೆಂಟಿನೆಲ್-2 ಉಪಗ್ರಹ ನೆಲವನ್ನು 10 ಮೀಟರ್ ಚೌಕಗಳಾಗಿ ನೋಡುತ್ತದೆ. ಆ ಚೌಕದಲ್ಲಿ ಎಲೆ ಇದೆಯಾ ಎಂದು ಹೇಳುತ್ತದೆ. ಅದರ ಕೆಳಗೆ ಒಬ್ಬ ಮನುಷ್ಯ ನಿಲ್ಲಬಹುದಾ ಎಂದು ಹೇಳುವುದಿಲ್ಲ. ಬಿಸಿಯ ಲೆಕ್ಕಕ್ಕೆ ನಾವು ಬಳಸುವ ಲ್ಯಾಂಡ್‌ಸ್ಯಾಟ್ ಉಪಗ್ರಹ ನಮ್ಮ ಮೇಲೆ ಹಾದು ಹೋಗುವುದು ಬೆಳಿಗ್ಗೆ 11ರ ಒಳಗೆ. ಜನ ಬೇಯುವುದು ಮಧ್ಯಾಹ್ನ 2, 3 ಗಂಟೆಗೆ. ಇನ್ನೂ ಒಂದು ತೊಡಕಿದೆ. ಬೇಸಿಗೆಯ ಹಗಲಲ್ಲಿ ಊರಿನ ಹೊರಗೆ ಬೆಳೆಯಿಲ್ಲದೆ ಬಿದ್ದಿರುವ ಕಪ್ಪು ಹೊಲಗಳ ನೆಲ ಊರಿಗಿಂತ ಜಾಸ್ತಿ ಕಾಯಬಹುದು. ಆ ಚಿತ್ರ ಮಾತ್ರ ನೋಡಿದವರಿಗೆ ಊರೇ ತಂಪು ಅನ್ನಿಸುತ್ತದೆ! ರಾತ್ರಿ ಲೆಕ್ಕ ತಿರುಗುತ್ತದೆ. ಹೊಲ ಬೇಗ ತಣ್ಣಗಾಗುತ್ತದೆ. ಆರ್‌ಸಿಸಿ ಚಾವಣಿ, ಕಾಂಕ್ರೀಟ್ ರಸ್ತೆ ಹಗಲಲ್ಲಿ ಹೀರಿದ ಬಿಸಿಯನ್ನು ತಡರಾತ್ರಿವರೆಗೆ ಬಿಡುತ್ತಲೇ ಇರುತ್ತವೆ. ಚಾವಣಿ ಮೇಲೆ ನೀರು ಸುರಿದು ಮಲಗುವ ಮನೆಗಳಿಗೆ ಇದನ್ನು ನಾನು ವಿವರಿಸಬೇಕಾಗಿಲ್ಲ.

ಹಾಗಾಗಿ ಕಂಪ್ಯೂಟರ್ ಮುಚ್ಚಿಟ್ಟು ಬೀದಿಗೆ ಇಳಿಯಬೇಕು. ಎದೆಮಟ್ಟದಲ್ಲಿ, ಅಂದರೆ 1.37 ಮೀಟರ್ ಎತ್ತರದಲ್ಲಿ ಕಾಂಡಕ್ಕೆ ಟೇಪು ಸುತ್ತಬೇಕು, ಕೊಂಬೆಗಳ ಹರವು ಅಳೆಯಬೇಕು, ಬುಡಕ್ಕೆ ಎಷ್ಟು ಮಣ್ಣು ಬಿಟ್ಟಿದ್ದಾರೆ ನೋಡಬೇಕು. ಅದೂ ಏಪ್ರಿಲ್, ಮೇ ತಿಂಗಳಲ್ಲೇ. ಪರೀಕ್ಷೆ, ಮೌಲ್ಯಮಾಪನ ಎಲ್ಲ ಬಂದು ಕೂರುವುದೂ ಅದೇ ಹೊತ್ತಿಗೆ. ತಲೆಗೆ ಟವೆಲ್ ಸುತ್ತಿಕೊಂಡು ನನ್ನ ಜೊತೆ ಬರುವ ವಿದ್ಯಾರ್ಥಿಗಳ ಬಗ್ಗೆ ನನಗೆ ತುಂಬಾ ಹೆಮ್ಮೆ. ಇಷ್ಟೆಲ್ಲ ಮಾಡಿ ಸಂಶೋಧನಾ ಪತ್ರಿಕೆಗೆ ಲೇಖನ ಕಳಿಸಿದರೆ, ಇದನ್ನೇ ದೊಡ್ಡ ನಗರದಲ್ಲಿ ಯಾಕೆ ಮಾಡಲಿಲ್ಲ ಎಂದು ಅದನ್ನು ಪರಿಶೀಲಿಸುವವರು ಕೇಳುತ್ತಾರೆ. ಈ ಊರಲ್ಲೂ ಲಕ್ಷಗಟ್ಟಲೆ ಜನ ಇದ್ದಾರೆ, ಅವರಿಗೂ ಬಿಸಿಲು ತಾಗುತ್ತದೆ ಎಂದು ಬರೆದು ಕಳಿಸುತ್ತೇನೆ.

ನನ್ನನ್ನು ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಮಧ್ಯಾಹ್ನ ಎರಡು ಗಂಟೆಗೆ ಬಿಸಿಲಲ್ಲಿ ನಿಂತಿರುವವರು ಯಾರು, ಅವರ ತಲೆ ಮೇಲೆ ಮರ ಇದೆಯಾ? ಇದನ್ನು ಯಾರೂ ಕೇಳುವುದಿಲ್ಲ.

ನಮ್ಮ ಕಲಬುರಗಿ ವಿಭಾಗದಲ್ಲಿ ಬೇಸಿಗೆಗೆ ಸರ್ಕಾರಿ ಕಚೇರಿಗಳ ವೇಳೆ ಬದಲಾಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1:30. ಒಳ್ಳೆಯ ಪದ್ಧತಿ. ಈ ಬಿಸಿಲು ಮನುಷ್ಯರಿಗೆ ತಡೆಯದು ಎಂದು ಸರ್ಕಾರವೇ ಒಪ್ಪಿಕೊಂಡ ಹಾಗೆ. ಆದರೆ ಬಂಡಿ ಮೇಲೆ ಬಾಳೆಹಣ್ಣು ಮಾರುವವರಿಗೆ, ಪೌರಕಾರ್ಮಿಕರಿಗೆ, ಗೌಂಡಿಗಳಿಗೆ, ಸಿಟಿ ಬಸ್ಸಿಗೆ ಕಾಯುವ ಹೆಂಗಸರಿಗೆ ಆ ವೇಳಾಪಟ್ಟಿ ಇಲ್ಲ. ಮರದ ಕೆಳಗೆ ಗಾಳಿಯ ಉಷ್ಣತೆ ಇಳಿಯುವುದು ಸ್ವಲ್ಪವೇ. ನೇರ ಬಿಸಿಲು ಮೈಗೆ ಬೀಳದಿರುವುದೇ ದೊಡ್ಡ ಲಾಭ. ಹಾಗಾಗಿ ಊರಲ್ಲಿ ಒಟ್ಟು ಎಷ್ಟು ಮರ ಎನ್ನುವುದಕ್ಕಿಂತ ಬಸ್ ಸ್ಟಾಪಿನ ಪಕ್ಕ ಒಂದು ಮರ ಇದೆಯಾ ಎನ್ನುವುದು ನನಗೆ ಮುಖ್ಯ. ಪಾರ್ಕಿನ ಗೇಟು ಮಧ್ಯಾಹ್ನ ಮುಚ್ಚಿದ್ದರೆ ಒಳಗಿನ ನೆರಳು ಯಾರಿಗೆ?

ಇದರ ಜೊತೆಗೇ ಕೇಳಬೇಕಾದ್ದು ನೀರಿನ ಮಾತು. ವನಮಹೋತ್ಸವ 1950ರಿಂದ ನಡೆಯುತ್ತಿದೆ, ಆಗ ಕೇಂದ್ರದ ಕೃಷಿ ಸಚಿವರಾಗಿದ್ದ ಕೆ. ಎಂ. ಮುನ್ಷಿ ಶುರು ಮಾಡಿದ್ದು. ಜುಲೈಯಲ್ಲಿ ನೆಡುವುದು ಸರಿ, ಮಳೆ ಇರುತ್ತದೆ. ಗಿಡ ಸಾಯುವುದು ಮುಂದಿನ ಬೇಸಿಗೆಯಲ್ಲಿ. ನಮ್ಮದು ಎರೆ ಮಣ್ಣು. ಮಳೆಗಾಲದಲ್ಲಿ ಉಬ್ಬಿ ನೀರು ಹಿಡಿದುಕೊಳ್ಳುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಕೈ ಇಳಿಯುವಷ್ಟು ಬಿರುಕು ಬಿಡುತ್ತದೆ. ಬಿರುಕು ಬಿಡುವಾಗ ಎಳೆ ಬೇರುಗಳು ಹರಿಯುತ್ತವೆ. ಬೇವು, ಹೊಂಗೆಯಂಥ ಗಟ್ಟಿ ಜಾತಿಗೂ ಮೊದಲ ಎರಡು ಮೂರು ಬೇಸಿಗೆ ನೀರು ಬೇಕೇ ಬೇಕು. ಬುಡದ ಸುತ್ತ ಒಣ ಎಲೆ ಹೊದಿಸಿದರೆ ಬಿರುಕು ಕಡಿಮೆ. ಅದನ್ನೇ ನಾವು ಕಸ ಅಂತ ಗುಡಿಸಿ ಸುಡುತ್ತೇವೆ. ಬೆಳೆದ ಮರಗಳದ್ದು ಬೇರೆ ಕಷ್ಟ. ರಸ್ತೆ ಅಗಲ ಮಾಡುವಾಗ ಕಾಂಡದವರೆಗೆ ಕಾಂಕ್ರೀಟ್ ಹಾಕಿಬಿಡುತ್ತಾರೆ. ಮರದ ಸುತ್ತ ಒಂದು ಮೀಟರ್ ಕಾಂಕ್ರೀಟ್ ತೆಗೆಯಬೇಕು ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲೇ ದೆಹಲಿಗೆ ಆದೇಶ ಕೊಟ್ಟಿತ್ತು. ನಮ್ಮ ಊರಿಗೂ ಅದು ಬೇಕು.

ಗಿಡ ನೆಡುವ ಕಾರ್ಯಕ್ರಮಕ್ಕೆ ನನ್ನನ್ನು ಕರೆಯುವವರಿಗೆ ಈಗ ಒಂದೇ ಮಾತು ಹೇಳುತ್ತೇನೆ. ನೆಟ್ಟವರ ಹೆಸರಿನ ಫಲಕ ಹಾಕಿಸುತ್ತೀರಲ್ಲ, ಅದರ ಕೆಳಗೆ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಟ್ಯಾಂಕರ್ ಕಳಿಸುವವರ ಹೆಸರು, ಫೋನ್ ನಂಬರ್ ಬರೆಸಿ. ಮೂರು ಬೇಸಿಗೆಗೆ. ಅಷ್ಟು ಮಾಡಿದರೆ ನಾನು ನನ್ನ ವಿದ್ಯಾರ್ಥಿಗಳನ್ನೂ ಕರೆದುಕೊಂಡು ಬರುತ್ತೇನೆ, ಗುಂಡಿಯನ್ನೂ ನಾವೇ ತೋಡುತ್ತೇವೆ.