ತಪ್ಪು ಮಾಡಲು ಜಾಗವೇ ಇಲ್ಲದ ಅಸೈನ್‌ಮೆಂಟ್

ಕಳೆದ ಶನಿವಾರ ಡಿಗ್ರಿ ಮಕ್ಕಳ ಗಣಿತ ಅಸೈನ್‌ಮೆಂಟ್ ತಿದ್ದಲು ಕೂತಿದ್ದೆ. ಒಟ್ಟು 46 ಇದ್ದವು. ಎಂಟನೆಯದಕ್ಕೆ ಬರುವಷ್ಟರಲ್ಲಿ ಒಂದು ತಪ್ಪು ಮತ್ತೆ ಮತ್ತೆ ಕಾಣತೊಡಗಿತು. ಎಲ್ಲ ಮುಗಿಸಿ ಎಣಿಸಿದರೆ 31 ಜನ ಅದೇ ತಪ್ಪು ಮಾಡಿದ್ದಾರೆ, ಅದೂ ಅದೇ ಸಾಲಿನಲ್ಲಿ!

ಲೆಕ್ಕ ಇಷ್ಟೇ. ಒಂದು ಗ್ರೂಪ್‌ನಲ್ಲಿ (ಅಂಶಗಳನ್ನು ಒಂದಕ್ಕೊಂದು ಗುಣಿಸಬಹುದಾದ ಒಂದು ಬಗೆಯ ಗಣ) ಯಾವ ಅಂಶವನ್ನು ಅದರಿಂದಲೇ ಗುಣಿಸಿದರೂ ಐಡೆಂಟಿಟಿ, ಅಂದರೆ ಯಾವುದಕ್ಕೆ ಗುಣಿಸಿದರೂ ಅದನ್ನು ಬದಲಿಸದ ಅಂಶ, ಬರುತ್ತದೆ, ಹಾಗಿದ್ದರೆ ಆ ಗ್ರೂಪ್ ಅಬೀಲಿಯನ್ ಎಂದು ಸಾಧಿಸಿ. ಅಂದರೆ ಎ, ಬಿ ಎಂಬ ಯಾವ ಎರಡು ಅಂಶ ತೆಗೆದುಕೊಂಡರೂ ಎಬಿ ಮತ್ತು ಬಿಎ ಎರಡೂ ಒಂದೇ ಎಂದು ತೋರಿಸಬೇಕು. ಒಂದು ಅಂಶಕ್ಕೆ ಗುಣಿಸಿದರೆ ಐಡೆಂಟಿಟಿ ಕೊಡುವುದು ಅದರ ಇನ್ವರ್ಸ್. ಇಲ್ಲಿ ಪ್ರತಿ ಅಂಶಕ್ಕೂ ತಾನೇ ಇನ್ವರ್ಸ್, ಹಾಗಾಗಿ ಎಬಿಗೆ ಎಬಿಯೇ ಇನ್ವರ್ಸ್. ಆದರೆ ಎಬಿಯ ಇನ್ವರ್ಸ್ ಬರೆಯುವಾಗ ಕ್ರಮ ತಿರುಗುತ್ತದೆ: ಮೊದಲು ಬಿ ಇನ್ವರ್ಸ್, ಆಮೇಲೆ ಎ ಇನ್ವರ್ಸ್. ಅದು ಬಿಎ ಆಯಿತು, ಲೆಕ್ಕ ಮುಗಿಯಿತು. ಇಡೀ ಲೆಕ್ಕದ ಜೀವ ಇರುವುದು ಆ ತಿರುಗುವ ಜಾಗದಲ್ಲಿ. ಈ 31 ಜನ ಮೂರನೇ ಸಾಲಿನಲ್ಲಿ ಕ್ರಮ ತಿರುಗಿಸದೆ ಎ ಇನ್ವರ್ಸ್, ಬಿ ಇನ್ವರ್ಸ್ ಎಂದೇ ಬರೆದಿದ್ದಾರೆ. ನಾಲ್ಕನೇ ಸಾಲಿನಲ್ಲಿ ಮಾತ್ರ ಬಿಎ ಬಂದು ಕೂತಿದೆ. ಅದು ಎಲ್ಲಿಂದ ಬಂತು ಎಂದು 31 ಜನರಲ್ಲಿ ಒಬ್ಬರಿಗೂ ಅನ್ನಿಸಿಲ್ಲ. ಯಾಕೆಂದರೆ ಯಾರೂ ಅದನ್ನು ಓದಿಲ್ಲ, ಬರೆದಿದ್ದಾರೆ ಅಷ್ಟೇ. ಯಾರೋ ಒಬ್ಬರು ವಾಟ್ಸಾಪ್ ಗ್ರೂಪಿಗೆ ಫೋಟೋ ಹಾಕಿರುತ್ತಾರೆ, ಉಳಿದವರು ಸಲ್ಲಿಸುವ ಹಿಂದಿನ ರಾತ್ರಿ ಕೂತು ಅದನ್ನು ಮುದ್ದಾದ ಅಕ್ಷರದಲ್ಲಿ ಇಳಿಸಿ, ಮಾರ್ಜಿನ್ ಎಳೆದು, ಬಣ್ಣದ ಕವರ್ ಹಾಕಿ ತಂದಿರುತ್ತಾರೆ.

ಮಕ್ಕಳನ್ನು ಬೈದು ಪ್ರಯೋಜನ ಇಲ್ಲ. ನಾನು ಓದುವಾಗ ಕೂಡ ಹೀಗೇ ಇತ್ತು. ನಾವು ಕೊಟ್ಟ ಅಸೈನ್‌ಮೆಂಟ್ ಯಾವತ್ತೂ ವಾಪಸ್ ಬರಲಿಲ್ಲ, ದಾರ ಕಟ್ಟಿ ಬೀರುವಿನಲ್ಲಿ ಇಟ್ಟಿದ್ದರು. ಯಾರೂ ಓದದ ಉತ್ತರವನ್ನು ಕಷ್ಟಪಟ್ಟು ಯಾರು ಯೋಚಿಸಿ ಬರೆಯುತ್ತಾರೆ, ಅಲ್ವಾ?

ಮೂಲ ತೊಂದರೆ ಅಂಕದ್ದು ಎಂದು ನನಗೆ ಗಟ್ಟಿಯಾಗಿ ಅನ್ನಿಸುತ್ತದೆ. ರಾಷ್ಟ್ರೀಯ ಶಿಕ್ಷಣ ನೀತಿ (ಎನ್‌ಇಪಿ) ಇದ್ದಾಗ ಒಂದು ಪೇಪರಿನ 100 ಅಂಕದಲ್ಲಿ 40 ಇಂಟರ್ನಲ್‌ಗೆ ಇತ್ತು, ಈಗ ರಾಜ್ಯ ಶಿಕ್ಷಣ ನೀತಿಯಲ್ಲಿ (ಎಸ್‌ಇಪಿ) 20. ಎಷ್ಟೇ ಇರಲಿ, ಸಲ್ಲಿಸಿದರೆ ಅಂಕ, ತಪ್ಪಿದ್ದರೆ ಅಂಕ ಕಟ್ ಎಂದ ಕೂಡಲೇ ತಪ್ಪು ಮಾಡುವುದು ನಷ್ಟದ ಕೆಲಸವಾಗುತ್ತದೆ. ಗಣಿತ ಕಲಿಯುವುದೇ ತಪ್ಪು ದಾರಿಯಲ್ಲಿ ಹೋಗಿ, ಗೋಡೆಗೆ ಹಾಯ್ದು, ವಾಪಸ್ ಬಂದು. ಅದಕ್ಕೆ ಪರೀಕ್ಷೆಯಲ್ಲಿ ಜಾಗ ಇಲ್ಲ, ತರಗತಿಯಲ್ಲಿ ಸಮಯ ಇಲ್ಲ. ಮನೆಯಲ್ಲಿ ಕೂತು ಮಾಡುವ ಲೆಕ್ಕದಲ್ಲಾದರೂ ಇರಬೇಕಿತ್ತು.

ಕೇಂಬ್ರಿಜ್‌ನಲ್ಲಿ ಗಣಿತ ಓದುವವರಿಗೆ ಎಕ್ಸಾಂಪಲ್ ಶೀಟ್ ಅಂತ ಕೊಡುತ್ತಾರೆ. ಲೆಕ್ಕಗಳು ಕಷ್ಟ ಇರುತ್ತವೆ, ಆದರೆ ಡಿಗ್ರಿಗೆ ಅದರಿಂದ ಒಂದು ಅಂಕವೂ ಸೇರುವುದಿಲ್ಲ. ಬಿಡಿಸಿ ತಂದದ್ದನ್ನು ಮುಂದಿಟ್ಟುಕೊಂಡು ಸಾಮಾನ್ಯವಾಗಿ ಇಬ್ಬರು ವಿದ್ಯಾರ್ಥಿಗಳ ಜೊತೆ ಸುಮಾರು ಒಂದು ಗಂಟೆ ಮಾತಾಡುತ್ತಾರೆ. ನಮ್ಮಲ್ಲಿ ಅಷ್ಟು ಜನ ಮೇಷ್ಟ್ರು ಇಲ್ಲ, ಅದು ನಿಜ. ಆದರೆ ಅಂಕ ಬೇರೆ, ಅಭ್ಯಾಸ ಬೇರೆ ಎಂದು ಇಡಲು ದುಡ್ಡು ಬೇಕಾಗಿಲ್ಲ. ಇಸ್ರೇಲ್‌ನ ರೂತ್ ಬಟ್ಲರ್ ಎಂಬ ಸಂಶೋಧಕಿ 1988ರಲ್ಲಿ ಶಾಲಾ ಮಕ್ಕಳ ಮೇಲೆ ಮಾಡಿದ ಅಧ್ಯಯನ ನನಗೆ ಮತ್ತೆ ಮತ್ತೆ ನೆನಪಾಗುತ್ತದೆ. ಕೆಲವರಿಗೆ ಬರೀ ಅಂಕ, ಕೆಲವರಿಗೆ ಬರೀ ಎರಡು ಮಾತಿನ ಟಿಪ್ಪಣಿ, ಇನ್ನು ಕೆಲವರಿಗೆ ಎರಡೂ ಕೊಟ್ಟರು. ಟಿಪ್ಪಣಿ ಮಾತ್ರ ಸಿಕ್ಕವರು ಮುಂದಿನ ಸಲ ಚೆನ್ನಾಗಿ ಮಾಡಿದರು. ಎರಡೂ ಸಿಕ್ಕವರಿಗೆ ಆ ಲಾಭ ಆಗಲಿಲ್ಲ. ನಾನೂ ದಿನಾ ನೋಡುತ್ತೇನೆ, ಪೇಪರ್ ಕೈಗೆ ಸಿಕ್ಕ ಕೂಡಲೇ ಮಕ್ಕಳು ಹುಡುಕುವುದು ಮೇಲಿನ ಮೂಲೆಯ ಸಂಖ್ಯೆಯನ್ನು. ನಾನು ಕೆಂಪು ಪೆನ್ನಿನಲ್ಲಿ ಬರೆದದ್ದು ಯಾರಿಗೂ ಕಾಣುವುದಿಲ್ಲ.

ಇನ್ನೊಂದು ವಿಷಯ, ನಮ್ಮ ಕಡೆಗೆ ಇದು ಬಹಳ ಮುಖ್ಯ. ನನ್ನ ಕ್ಲಾಸಿನಲ್ಲಿ ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಚಿಂಚೋಳಿ ಕಡೆಯಿಂದ ಬಂದವರು ಜಾಸ್ತಿ. ಹತ್ತನೇ ತರಗತಿವರೆಗೆ ಕನ್ನಡದಲ್ಲಿ ಓದಿ ಬಂದಿರುತ್ತಾರೆ. ಇಲ್ಲಿ ಪುಸ್ತಕ ಇಂಗ್ಲಿಷ್, ಉತ್ತರವೂ ಇಂಗ್ಲಿಷ್‌ನಲ್ಲೇ ಬರೆಯಬೇಕು. ಪ್ರೂಫ್ ಎಂದರೆ ಸುಮ್ನೆ ಸಂಖ್ಯೆಯ ಆಟ ಅಲ್ಲ, ಅದು ವಾಕ್ಯಗಳು. ವಾಕ್ಯ ಕಟ್ಟಲು ಭಯ ಇದ್ದವರು ನಕಲು ಮಾಡದೆ ಇನ್ನೇನು ಮಾಡುತ್ತಾರೆ?

ಸೋಮವಾರ ನಾನು ಆ 46ಕ್ಕೂ ಅಂಕ ಹಾಕದೆ ವಾಪಸ್ ಕೊಟ್ಟೆ. ಮೂರನೇ ಸಾಲಿನಿಂದ ನಾಲ್ಕನೇ ಸಾಲಿಗೆ ಹೇಗೆ ಬಂದಿರಿ, ಕನ್ನಡದಲ್ಲೇ ಹೇಳಿ ಎಂದೆ. ತುಂಬಾ ಹೊತ್ತು ಯಾರೂ ಬಾಯಿ ಬಿಡಲಿಲ್ಲ. ಕ್ರಮ ಯಾಕೆ ತಿರುಗಬೇಕು ಎಂದು ಕೇಳಿದಾಗ ಹಿಂದಿನ ಬೆಂಚಿನಿಂದ ಒಬ್ಬಳು ಎದ್ದಳು. "ಮೊದಲ ಕೊಟ್ಟಿಗಿ ಬಾಗಿಲ ಹಾಕಿ, ಆಮ್ಯಾಲ ಅಂಗಳದ ಗೇಟ್ ಹಾಕಿ ಹೊರಗ ಬಂದ್ರ, ತೆಗಿಯುವಾಗ ಮೊದಲ ಗೇಟೇ ತೆಗಿಬೇಕಲ್ರಿ ಮೇಡಂ" ಅಂದಳು. ಇಷ್ಟು ವರ್ಷದಲ್ಲಿ ನಾನು ಅದನ್ನು ಇಷ್ಟು ಚೆನ್ನಾಗಿ ಹೇಳಿಕೊಟ್ಟಿಲ್ಲ. ಅವಳ ಅಸೈನ್‌ಮೆಂಟ್ ತೆಗೆದು ನೋಡಿದೆ, ಆ 31ರಲ್ಲಿ ಅದೂ ಒಂದು.

ಈಗ ವಾರಕ್ಕೆ ಎರಡೇ ಲೆಕ್ಕ ಕೊಡುತ್ತಿದ್ದೇನೆ. ಕನ್ನಡದಲ್ಲಿ ಬರೆದರೂ ಸರಿ, ಅರ್ಧಕ್ಕೆ ನಿಂತರೂ ಸರಿ, ಆದರೆ ಎಲ್ಲಿ ನಿಂತಿತು, ಯಾಕೆ ನಿಂತಿತು ಎಂದು ಒಂದು ಸಾಲು ಬರೆಯಲೇಬೇಕು. ಇಂಟರ್ನಲ್ ಅಂಕ ಕ್ಲಾಸಿನಲ್ಲೇ ನಡೆಸುವ ಟೆಸ್ಟ್‌ನಿಂದ. ಎಲ್ಲರದನ್ನೂ ಪೂರ್ತಿ ತಿದ್ದಲು ನನ್ನಿಂದ ಆಗುವುದಿಲ್ಲ, ಹಾಗಾಗಿ ಎರಡರಲ್ಲಿ ಒಂದು ಲೆಕ್ಕ ಮಾತ್ರ ಓದಿ, ಎರಡು ಸಾಲು ಬರೆದು, ಮೂರು ದಿನದಲ್ಲಿ ವಾಪಸ್ ಕೊಡುತ್ತೇನೆ. ಮೊದಲ ವಾರ 46ರಲ್ಲಿ 19 ಬಂದಿವೆ. ಅದರಲ್ಲಿ ಒಂದಕ್ಕೊಂದು ಹೋಲುವ ಉತ್ತರ ಎರಡೂ ಇಲ್ಲ.