ಕಡಿತ ಪೂರ್ತಿ, ದಿನ ಅರ್ಧ

ಪೀಣ್ಯದ ಕಾರ್ಖಾನೆಯೊಂದರ ಸಂಬಳ ವಿಭಾಗಕ್ಕೆ ಫೆಬ್ರವರಿಯ ಒಂದು ಸೋಮವಾರ ಲೇತ್ ಆಪರೇಟರ್ ಒಬ್ಬರು ಬಂದರು. ಕಾಮಾಲೆಯಾಗಿ ಇಪ್ಪತ್ತು ದಿನ ಮಲಗಿದ್ದವರು. ಕೈಯಲ್ಲಿ ಇಎಸ್‌ಐ (ಸಂಬಳದಲ್ಲಿ ಪಾಲು ಕತ್ತರಿಸಿ ನಡೆಸುವ ಕಾರ್ಮಿಕರ ರಾಜ್ಯ ವಿಮೆ) ಡಿಸ್ಪೆನ್ಸರಿಯ ಸರ್ಟಿಫಿಕೇಟು. ಕಾಯಿಲೆ ಭತ್ಯೆ ಬರುವುದಿಲ್ಲ ಎಂದು ಶಾಖಾ ಕಚೇರಿ ಹೇಳಿ ಕಳಿಸಿತ್ತು. ಅವರು ಕೇಳಿದ್ದು ಒಂದೇ ಮಾತು: "ಕತ್ತರಿಸುವಾಗ ನನ್ನನ್ನ ಕೇಳಲಿಲ್ಲ. ಈಗ ಕೊಡಲ್ಲ ಅಂದ್ರೆ ಹೆಂಗೆ?"

ಕೇಳದೆ ಕತ್ತರಿಸುವುದಕ್ಕೆ ಕಾರಣವಿದೆ. ಇಷ್ಟವಿದ್ದವರು ಸೇರಲಿ ಎಂದರೆ ಕಾಯಿಲೆ ಬಿದ್ದವರಷ್ಟೇ ಸೇರುತ್ತಾರೆ, ನಿಧಿ ನಿಲ್ಲುವುದಿಲ್ಲ. 1948ರ ಕಾಯ್ದೆ ಅದಕ್ಕೇ ಕಡ್ಡಾಯ ಮಾಡಿತು. 2019ರ ಜುಲೈನಿಂದ ಈ ವಂತಿಗೆಯಲ್ಲಿ ಕಾರ್ಮಿಕರ ಪಾಲು ಸಂಬಳದ ಶೇ 0.75, ಮಾಲೀಕರದು ಶೇ 3.25. ಮಾಲೀಕರ ಪಾಲನ್ನು ಸಂಬಳದಲ್ಲಿ ಮುರಿದುಕೊಳ್ಳುವಂತಿಲ್ಲ. ಈ ಆಪರೇಟರ್‌ಗೆ ದಿನಕ್ಕೆ 800 ರೂಪಾಯಿ ಕೂಲಿ. 26 ದಿನಕ್ಕೆ 20,800. ಅವರಿಂದ 156, ಕಂಪನಿಯಿಂದ 676.

ಭತ್ಯೆಗೆ ಮಾತ್ರ ದಿನದ ಲೆಕ್ಕ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ ವಂತಿಗೆ ಅವಧಿಯಲ್ಲಿ 78 ದಿನಕ್ಕೆ ವಂತಿಗೆ ಇದ್ದರೆ, ಮುಂದಿನ ಜನವರಿಯಿಂದ ಜೂನ್‌ವರೆಗೆ ಬಿದ್ದ ಕಾಯಿಲೆಗೆ ಕೂಲಿಯ ಶೇ 70 ಸಿಗುತ್ತದೆ. ಮೊದಲ ಎರಡು ದಿನ ಸಾಮಾನ್ಯವಾಗಿ ಲೆಕ್ಕಕ್ಕಿಲ್ಲ. ಹದಿನೆಂಟು ದಿನಕ್ಕೆ 560ರಂತೆ 10,080 ಅವರಿಗೆ ಬರಬೇಕಿತ್ತು. ತಂದೆಯ ಆರೈಕೆಗೆಂದು ಜೂನ್, ಜುಲೈ ಪೂರ್ತಿ ಊರಲ್ಲಿದ್ದರಿಂದ ಆ ಅವಧಿಯಲ್ಲಿ ಅವರ ಸಂಬಳದ ದಿನ 84. ಇಎಸ್‌ಐ ಪೋರ್ಟಲ್‌ನಲ್ಲಿ ಇದ್ದದ್ದು 71.

ಹದಿಮೂರು ಎಲ್ಲಿ ಹೋಯಿತು ಎಂದು ಹಾಜರಿ ಪುಸ್ತಕ ತೆಗೆದೆವು. ಆಗಸ್ಟ್ ಪುಟದಲ್ಲಿ 25 'ಪಿ', ಸ್ವಾತಂತ್ರ್ಯ ದಿನದ ಚೌಕದಲ್ಲಿ ಒಂದು 'ಎಚ್'. ಸಂಬಳ ಸಹಿತ ರಜೆಯೂ ದಿನವೇ, ಒಟ್ಟು 26. ಪೋರ್ಟಲ್‌ಗೆಂದು ಗುತ್ತಿಗೆದಾರರ ಕಡೆಯವರು ತುಂಬಿದ ಹಾಳೆಯಲ್ಲಿ ದಿನದ ಕಾಲಂ 13, ಸಂಬಳದ ಕಾಲಂ 20,800. ವಂತಿಗೆಯ ಲೆಕ್ಕ ಸಂಬಳದ ಮೇಲೆ. ದಿನ ತಪ್ಪಿದರೂ ಚಲನ್ ಮೊತ್ತ ಸರಿಯಾಗಿಯೇ ಬರುತ್ತದೆ. ಹಣ ತಾಳೆಯಾದ ಮೇಲೆ ಯಾರೂ ಮತ್ತೆ ನೋಡುವುದಿಲ್ಲ. ಆರು ತಿಂಗಳು ಬಿಟ್ಟು, ಮನುಷ್ಯ ಹಾಸಿಗೆ ಹಿಡಿದಾಗ ಅದು ಹೊರಬೀಳುತ್ತದೆ.

ನನಗೆ ಸಹಿಸಲಾಗದ್ದು ಇದೇ. ಕಡಿತ ತಾನಾಗಿಯೇ ಆಗುತ್ತದೆ, ಹಕ್ಕಿಗೆ ಮಾತ್ರ ಜ್ವರ ಬಿಟ್ಟ ಮೈಯಲ್ಲಿ ಎರಡು ಬಸ್ ಹತ್ತಿ ಬರಬೇಕು. ಸರ್ಕಾರ ಕೇಳದೆ ತೆಗೆದುಕೊಂಡ ಹಣದ ಬಗ್ಗೆ ಕಾರ್ಮಿಕರು ಪಟ್ಟ ಅನುಮಾನಕ್ಕೆ ಆ 13 ಎಂಬ ಅಂಕಿಯೇ ಆಧಾರವಾಗಿ ನಿಂತಿತ್ತು.

ಹಾಜರಿ ಪುಟ, ಕೂಲಿ ರಿಜಿಸ್ಟರ್, ಆಗಸ್ಟ್ ಚಲನ್, ಮೂರರ ಪ್ರತಿಗೂ ಸೀಲು ಹಾಕಿ, ತಪ್ಪು ನಮ್ಮ ಕಡೆಯದೆಂದು ಪತ್ರ ಬರೆದೆವು. ಅದನ್ನು ಶಾಖಾ ಕಚೇರಿಗೆ ಅವರ ಕೈಯಲ್ಲಿ ಕಳಿಸಲಿಲ್ಲ, ನಾವೇ ಒಯ್ದೆವು. ಆಪರೇಟರ್ ಹೊರಡುವ ಮುನ್ನ ಅವರ ಮೊಬೈಲ್‌ನಲ್ಲಿ ವಿಮಾದಾರರ ಲಾಗಿನ್ ತೆರೆದು, ಅಕ್ಟೋಬರ್‌ನಿಂದ ಈಚೆಗಿನ ದಿನದ ಕಾಲಂ ಒಂದೊಂದೇ ತಿಂಗಳು ಕೂತು ನೋಡಿದೆವು. ಡಿಸೆಂಬರ್‌ನಲ್ಲೂ ಒಂದು ದಿನ ಕಡಿಮೆ ಇತ್ತು.